ತಿರುವಿ ಬರೆದ ಮುಖ

ಲೊಕ್ಕನಹಳ್ಳಿ ಪಕ್ಕ
14 ಜುಲೈ 2024

ಅಂಜನಾ,

ನಿನ್ನ ಹಿಂದಿನ ಕಾಗದದಲ್ಲಿ ಅರ್ಧ ಮಾತ್ರ ಓದಲು ಸಿಕ್ಕಿತು. ಪೋಸ್ಟ್‌ಮನ್ ಈ ಮನೆಯವರೆಗೆ ಬರುವುದಿಲ್ಲ, ಡೇರಿಗೆ ಹಾಲು ಹಾಕಲು ಹೋಗುವ ಸೋಮಮ್ಮನ ಕೈಗೆ ಕೊಟ್ಟುಬಿಡುತ್ತಾನೆ. ಅವಳು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು ಮರೆತಿದ್ದಳು. ಸೀರೆ ಒಗೆಯುವಾಗ ಸಿಕ್ಕಿತು. ‘ನೀರಲ್ ಬಿದ್ರೆ ಏನಾಯ್ತವ್ವ, ಊರ್ ಸುದ್ದಿ ತಾನೆ, ಒಣುಗ್ಸಿ ಓದ್ಕೊ’ ಎಂದಳು. ಒಣಗಿಸಿ ಓದಿದೆ.

ಇವಳ ಮನೆಯ ಹಿಂದಿನ ಕೋಣೆಗೆ ನಾನು ಬಂದು ಇದು ಮೂರನೆಯ ವರ್ಷ. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಎರಡು ಗಂಟೆಯೂ ಆಗದ ಜಾಗವನ್ನು ಪರದೇಶ ಎನ್ನಲು ಸಂಕೋಚವಾಗುತ್ತದೆ. ಆದರೆ ಹಿಂದಿರುಗುವಂತಿಲ್ಲ ಎಂದ ಮೇಲೆ ಬೇರೆ ಏನೆಂದು ಕರೆಯಬೇಕು, ನೀನೇ ಹೇಳು. ಪದಗಳು ನಿನ್ನ ಇಲಾಖೆ.

ನಮ್ಮ ನೇಕಾರರ ಬೀದಿಯ ಕುಲದ ಕೂಟದವರು ನನ್ನನ್ನು ಹೊರಗಿಟ್ಟಾಗ ಬೆಂಕಿ ಕೊಡಬಾರದು, ನೀರು ಕೊಡಬಾರದು, ಮಾತಾಡಬಾರದು ಎಂದರು. ಬರೆಯಬಾರದು ಎನ್ನಲು ಮರೆತರು. ಅದನ್ನು ಗಮನಿಸಿದವಳು ನೀನೊಬ್ಬಳೆ. ಫೋನು ಮಾತು, ಆದ್ದರಿಂದ ಬೇಡ. ಕಾಗದ ಮಾತಲ್ಲ, ಆದ್ದರಿಂದ ಸರಿ. ವಾಟ್ಸಾಪು ಮಾತೋ ಬರಹವೋ ಎಂದು ಅವರನ್ನು ಕೇಳಲು ಹೋದರೆ ಕಾಗದವೂ ನಿಲ್ಲುತ್ತದೆ. ನಿನ್ನ ಈ ವ್ಯಾಕರಣದ ಮೇಲೆ ಇಷ್ಟು ದಿನ ಬದುಕಿದ್ದೇನೆ.

ನಾನು ಮಾಡಿದ್ದೇನೆಂದು ಸೋಮಮ್ಮನಿಗೆ ಇನ್ನೂ ಅರ್ಥವಾಗಿಲ್ಲ. ಅಣ್ಣನ ಮಗಳು ಮಧು ಕುಲದ ಹೊರಗಿನ ಹುಡುಗನನ್ನು ಯಳಂದೂರಿನಲ್ಲಿ ರಿಜಿಸ್ಟರ್ ಮದುವೆಯಾದಳು, ನಾನು ಸಾಕ್ಷಿ ಸಹಿ ಹಾಕಿದೆ ಎಂದೆ. ‘ಮದ್ವೆ ಆದೋಳ್ ಒಳಗವ್ಳೆ, ನೋಡ್ದೋಳ್ ಈಚ್ಗವ್ಳಾ?’ ಎಂದಳು. ಮಧು ಕೂಟದ ಮುಂದೆ ‘ತಪ್ಪಾಯ್ತು’ ಎಂದಳು, ನಾನು ಎನ್ನಲಿಲ್ಲ, ಅಷ್ಟೇ ವ್ಯತ್ಯಾಸ ಎಂದು ವಿವರಿಸಿದೆ. ‘ಅಂದ್ಬುಟ್ಟಿದ್ರೆ ನಾಲ್ಗೆ ಸವ್ದೋಯ್ತಿತ್ತಾ?’ ಎಂದು ಹಸುವಿನ ಕಡೆ ತಿರುಗಿದಳು.

ಸೀರೆಗೆ ಡಿಸೈನು ಬರೆಯುತ್ತಿದ್ದ ಕೈಗೆ ಈಗ ಕಾಡಿನ ರಸ್ತೆಯ ಬೋರ್ಡು ಬರೆಯುವ ಕೆಲಸ ಸಿಕ್ಕಿದೆ. ‘ಆನೆ ದಾಟುವ ಸ್ಥಳ, ನಿಧಾನವಾಗಿ ಚಲಿಸಿ.’ ಮೊದಲನೆಯದನ್ನು ನೋಡಿ ಗಾರ್ಡ್ ಬಸವೇಶ ತಲೆ ಕೆರೆದುಕೊಂಡ. ‘ಮೇಡಂ, ಆನೆ ಕಾಡಿಂದ ರೋಡ್ಗೆ ಬರ್ಬೇಕು. ನಿಮ್ದು ರೋಡಿಂದ ಕಾಡ್ಗೆ ವಾಪಸ್ ಓಯ್ತಾ ಅದೆ.’ ಮಾದರಿ ನೋಡಿಕೊಂಡೇ ಬರೆದಿದ್ದೆ, ಅದು ಹೇಗೆ ತಿರುಗಿತೋ. ‘ಇರ್ಲಿ ಬುಡಿ, ವಾಪಸ್ ಓಗೋ ಆನೆನೂ ಆನೆನೆಯ’ ಎಂದು ಹೊತ್ತುಕೊಂಡು ಹೋದ.

ಉಳಿದ ಬಣ್ಣದಲ್ಲಿ ನಿನ್ನನ್ನು ಬರೆಯುತ್ತೇನೆ. ತುಂಡು ಪ್ಲೈವುಡ್ ಮೇಲೆ, ಮುಖ ಮಾತ್ರ. ಬೇರೆಯವರನ್ನು ಬರೆಯಬಹುದಿತ್ತು, ಬೀದಿಯವರದು ಯಾರದೂ ಪೂರ್ತಿ ನೆನಪಿಲ್ಲ. ‘ಅದೇ ಮೊಕವ ಎಷ್ಟ್ ಸಲ ಬರ್ದೀಯವ್ವ, ನಿಮ್ಮೂರಲ್ಲಿ ಬ್ಯಾರೆ ಮೊಕ ಇಲ್ವಾ?’ ಎಂದು ಸೋಮಮ್ಮನ ಆಕ್ಷೇಪಣೆ. ಒಂದು ಫೋಟೋ ಕಳಿಸು. ಕಣ್ಣು ಬರುತ್ತದೆ, ಬಾಯಿ ಬರುವುದಿಲ್ಲ. ನೀನು ನಗುವಾಗ ಒಂದೇ ಕೆನ್ನೆ ಮೇಲಕ್ಕೇಳುತ್ತಿತ್ತು, ಇನ್ನೊಂದು ಸುಮ್ಮನೆ ನೋಡುತ್ತಿತ್ತು. ಅದು ಕೈಗೆ ಸಿಕ್ಕುತ್ತಿಲ್ಲ.

ಈ ಕಾರ್ತಿಕದ ಕೂಟ ಮೂರನೆಯದು. ಇದರಲ್ಲೂ ಯಾರೂ ನನಗೆ ಬಾಯಾಗಿ ನಿಂತು ಮಾತಾಡದಿದ್ದರೆ ಕುಲದ ಒಕ್ಕಲಿನಿಂದ ಹೆಸರು ತೆಗೆದುಬಿಡುತ್ತಾರೆ. ಆಮೇಲೆ ಕೇಳುವಂತೆಯೂ ಇಲ್ಲ, ಬರುವಂತೆಯೂ ಇಲ್ಲ. ಅಣ್ಣ ಶಿವರಾಜು ನಿಲ್ಲುವುದಿಲ್ಲ. ಮಗಳನ್ನು ಒಳಗೆ ತಂದುಕೊಂಡದ್ದಕ್ಕೇ ಅವನ ಧೈರ್ಯವೆಲ್ಲ ಖರ್ಚಾಗಿದೆ. ನಿನ್ನನ್ನು ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ.

ಯಶೋದ

&nbsp;

ಕೊಳ್ಳೇಗಾಲ
2 ಆಗಸ್ಟ್ 2024

ಯಶೋದಾ,

‘ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.’ ನನ್ನ ತರಗತಿಯ ಹುಡುಗಿಯರು ಇಂಥ ವಾಕ್ಯ ಬರೆದರೆ ಅಡಿಗೆರೆ ಎಳೆದು ‘ಸ್ಪಷ್ಟವಾಗಿ ಹೇಳಿ’ ಎಂದು ಬರೆಯುತ್ತೇನೆ.

ನಾನು ಬಾಯಾಗುತ್ತೇನೆ. ಹೊರಗಿಟ್ಟವರು ಕೂಟದಲ್ಲಿ ತುಟಿ ತೆರೆಯುವಂತಿಲ್ಲ, ಒಳಗಿನವರೊಬ್ಬರು ಅವರ ಬಾಯಾಗಿ ನಿಂತು ಮಾತಾಡಬೇಕು ಎಂಬುದು ಕಟ್ಟಳೆ. ಆ ಬಾಯಿ ಗಂಡಸಿನದೇ ಆಗಿರಬೇಕು ಎಂದು ಎಲ್ಲೂ ಇಲ್ಲ. ಯಜಮಾನರಾದ ದೊಡ್ಡಮಾದಪ್ಪ ಮಾಮನನ್ನೇ ಹೋಗಿ ಕೇಳಿದೆ. ಬಹಳ ಹೊತ್ತು ಎಲೆಗೆ ಸುಣ್ಣ ಸವರಿದರು. ‘ಎಂಗುಸ್ರು ಬಾಯಾಗಿದ್ದುನ್ನ ಇಲ್ಲೀಗಂಟ ನಾ ಕಂಡಿಲ್ಲ ಕಣವ್ವ. ಆದ್ರೆ ಬ್ಯಾಡ ಅನ್ನಾಕೂ ಒಂದ್ ಕಾರ್ಣ ಬೇಕಲ್ಲ’ ಎಂದರು. ಅದನ್ನು ಒಪ್ಪಿಗೆ ಎಂದು ತಿಳಿದು ಬಂದೆ.

ಗಂಡ ಪ್ರಭುಸ್ವಾಮಿಯವರಿಗೂ ಹೇಳಿದೆ. ನಮ್ಮವರ ಮಗ್ಗಗಳಲ್ಲಿ ಕೂರುವವರೆಲ್ಲ ಈ ಬೀದಿಯವರೇ ಎಂಬುದು ನಿನಗೆ ಗೊತ್ತು. ‘ನಾಳೆ ಯಾರೂ ಕೆಲ್ಸಕ್ಕೆ ಬರ್ದಿದ್ರೆ ನೀನೇ ಲಾಳಿ ಎಸೀಬೇಕಾಯ್ತದೆ, ಈಗ್ಲೇ ಕಲ್ತ್ಕೊ’ ಎಂದರು. ಬೇಡ ಎನ್ನಲಿಲ್ಲ.

ಒಂದೇ ತೊಡಕು. ಬಾಯಾದವರು ಕೊನೆಯಲ್ಲಿ ಹೊರಗಿನವರ ಪರವಾಗಿ ‘ತಪ್ಪಾಯ್ತು’ ಎಂದು ಮೂರು ಸಲ ಹೇಳಬೇಕು. ಅದಿಲ್ಲದೆ ತೀರ್ಮಾನವಿಲ್ಲ. ನೀನು ಅದನ್ನು ಒಂದು ಮಾತು ಎಂದು ತಿಳಿದಿದ್ದೀಯ, ನಾನು ಬಾಗಿಲಿನ ಅಗುಳಿ ಎಂದು ತಿಳಿದಿದ್ದೇನೆ. ಅಗುಳಿಗೆ ಅರ್ಥ ಇರುವುದಿಲ್ಲ, ತೆಗೆಯಬೇಕು ಅಷ್ಟೆ. ಯೋಚನೆ ಮಾಡು.

ಫೋಟೋ ಕಳಿಸುವುದಿಲ್ಲ. ಇತ್ತೀಚಿನದು ಕಾಲೇಜಿನ ಗುರುತಿನ ಚೀಟಿಯದೊಂದೇ, ಅದರಲ್ಲಿ ಯಾರನ್ನೋ ಕೊಂದು ಬಂದವಳಂತೆ ಇದ್ದೇನೆ. ನೀನು ನೆನಪಿನಿಂದ ಬರೆದದ್ದನ್ನೇ ಒಂದು ಕಳಿಸು. ನನ್ನನ್ನು ಒಬ್ಬರು ಹೇಗೆ ನೆನಪಿಟ್ಟುಕೊಂಡಿದ್ದಾರೆ ಎಂದು ನೋಡುವ ಅವಕಾಶ ಬದುಕಿರುವವರಿಗೆ ಸಾಮಾನ್ಯವಾಗಿ ಸಿಕ್ಕುವುದಿಲ್ಲ.

ಅಂಜನಾ

&nbsp;

ಲೊಕ್ಕನಹಳ್ಳಿ ಪಕ್ಕ
25 ಆಗಸ್ಟ್ 2024

ಅಂಜನಾ,

ಬಾಯಾಗುತ್ತೇನೆ ಎಂದದ್ದಕ್ಕೆ ಏನು ಬರೆಯಬೇಕೋ ತಿಳಿಯದೆ ಇಷ್ಟು ದಿನ ತಡವಾಯಿತು. ಈಗಲೂ ತಿಳಿದಿಲ್ಲ.

ಆದರೆ ಆ ಪದ ಬೇಡ. ಮದುವೆ ನಡೆಯಿತು, ನಾನು ಕಂಡೆ, ಕಂಡೆ ಎಂದು ಸಹಿ ಹಾಕಿದೆ. ಇದರಲ್ಲಿ ತಪ್ಪು ಎಲ್ಲಿದೆ ಎಂದು ಅಲ್ಲೂ ಹುಡುಕಿದೆ, ಇಲ್ಲಿಗೆ ಬಂದ ಮೇಲೂ ಹುಡುಕಿದೆ. ಸಿಕ್ಕಿದ್ದರೆ ಆವತ್ತೇ ಹೇಳಿ ಮನೆಗೆ ಹೋಗುತ್ತಿದ್ದೆ. ಅಗುಳಿ ತೆಗೆಯುವುದು ಒಳಗಿರುವವರಿಗೆ ಸುಲಭ ಕಾಣಬಹುದು. ಆ ಬಾಗಿಲಲ್ಲಿ ಹಾದುಹೋಗಬೇಕಾದವಳು ನಾನು. ನೀನು ಮಿಕ್ಕದ್ದೆಲ್ಲ ಹೇಳು. ಆ ಪದ ಹೇಳದೆ ಒಳಗೆ ಬಿಟ್ಟರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ.

ಒಂದು ಚಿತ್ರ ಸುತ್ತಿಟ್ಟಿದ್ದೇನೆ. ಹನೂರಿಗೆ ಹೋಗುವ ಬಸವೇಶನ ಕೈಯಲ್ಲಿ ಕೊಟ್ಟು ಅಲ್ಲಿಂದ ಪಾರ್ಸೆಲ್ ಮಾಡಿಸುತ್ತೇನೆ. ನಗು ಈ ಸಲ ಸುಮಾರಾಗಿ ಬಂದಿದೆ. ಬರೆಯುತ್ತಿರುವಾಗ ಸೋಮಮ್ಮ ಹಿಂದೆ ಬಂದು ನಿಂತು, ‘ಇವ್ಳು ಏನೋ ಮಡಿಕ್ಕೊಂಡವ್ಳೆ ಮನ್ಸಲ್ಲಿ, ಪೂರ್ತಿ ನಗ್ತಾ ಇಲ್ಲ’ ಎಂದಳು. ಅವಳು ಯಾವಾಗಲೂ ಹಾಗೆಯೇ ನಗುವುದು ಎಂದೆ.

ಯಶೋದ

&nbsp;

ಕೊಳ್ಳೇಗಾಲ
6 ಸೆಪ್ಟೆಂಬರ್ 2024

ಯಶೋದಾ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬರೆದು ಮುಗಿಸಿ ಒಲೆಗೆ ಹಾಕುವ ಯೋಚನೆ. ಯಾರಿಗಾದರೂ ಹೇಳಬೇಕು, ಹೇಳುವಂತಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಹೋದ ವಾರ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತು. ಕನ್ನಡಿ ನೋಡಿದೆ. ಮುಖದ ಎಡ ಅರ್ಧ ಮಲಗಿತ್ತು. ಹುಬ್ಬು ಏಳಲಿಲ್ಲ, ಕಣ್ಣು ಮುಚ್ಚಲಿಲ್ಲ, ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಮೈಸೂರಿನ ಡಾಕ್ಟರು ಮುಖದ ನರ ಸೋತಿದೆ, ಪ್ರಾಣಕ್ಕೆ ಏನೂ ಅಪಾಯವಿಲ್ಲ, ಕೆಲವರಿಗೆ ಬೇಗ ಸರಿಹೋಗುತ್ತದೆ, ಕೆಲವರಿಗೆ ತಡ ಎಂದರು. ಮಾತ್ರೆ ಕೊಟ್ಟರು, ಮುಖಕ್ಕೆ ವ್ಯಾಯಾಮ ಹೇಳಿಕೊಟ್ಟರು.

ಪ, ಬ, ಮ ಬರುತ್ತಿಲ್ಲ. ಎರಡು ತುಟಿ ಸೇರಬೇಕಾದ ಅಕ್ಷರಗಳು, ಓಷ್ಠ್ಯಗಳು ಎಂದು ಇಷ್ಟು ವರ್ಷ ಪಾಠ ಮಾಡಿದ್ದೇನೆ. ತುಟಿ ಸೇರುವುದೆಂದರೇನು ಎಂದು ಈಗ ತಿಳಿಯುತ್ತಿದೆ. ‘ಪುಸ್ತಕ’ ಎಂದರೆ ಗಾಳಿ ಸೋರಿ ಬೇರೇನೋ ಆಗುತ್ತದೆ. ಕಾಲೇಜಿಗೆ ರಜೆ ಹಾಕಿದ್ದೇನೆ.

ಬೀದಿಯಲ್ಲಿ ಇನ್ನೂ ಯಾರಿಗೂ ತಿಳಿದಿಲ್ಲ. ತಿಳಿದರೆ ಏನೆನ್ನುತ್ತಾರೆ ಎಂಬುದು ನನಗೆ ಈಗಲೇ ಕೇಳಿಸುತ್ತದೆ. ಹೊರಗಿಟ್ಟವಳಿಗೆ ಬಾಯಾಗ್ತೀನಿ ಅಂದ್ಳು, ದೇವ್ರು ಬಾಯ್ನೇ ತಿರುಗ್ಸ್ದ. ಅಲ್ಲಿಗೆ ನಿನ್ನ ವ್ಯವಹಾರ ಮುಗಿಯಿತು. ನಿನಗೆ ತಿಳಿಸಿದರೆ ನೀನು ನಿಲ್ಲಬೇಡ ಎನ್ನುತ್ತೀಯ, ಆಗಲೂ ಮುಗಿಯಿತು.

ಆದ್ದರಿಂದ ಒಲೆ.

ಅಂಜನಾ

&nbsp;

ಕೊಳ್ಳೇಗಾಲ
22 ಸೆಪ್ಟೆಂಬರ್ 2024

ಯಶೋದಾ,

ಚಿತ್ರ ತಲುಪಿತು. ಬಿಚ್ಚಿ ನೋಡಿದ ಕೂಡಲೆ ನಿನಗೆ ಎಲ್ಲ ತಿಳಿದುಹೋಗಿದೆ ಎಂದು ಗೊತ್ತಾಯಿತು.

ಹೌದು, ನಾನು ಒಂದು ಕಡೆಗೆ ವಾಲಿದ್ದೇನೆ. ನಿನಗೆ ಯಾರು ಹೇಳಿದರೋ ತಿಳಿಯದು. ನಾನೇ ಹೇಳಬೇಕಿತ್ತು, ಹೇಗೆ ಹೇಳುವುದೆಂದು ತಿಳಿಯಲಿಲ್ಲ. ನೀನು ಒಂದು ಮಾತೂ ಬರೆಯದೆ ಬಣ್ಣದಲ್ಲಿ ತೋರಿಸಿದೆ. ಅದು ನಿನ್ನ ಸೌಜನ್ಯ ಇರಬಹುದು, ನನಗೆ ಸ್ವಲ್ಪ ಕಷ್ಟವಾಯಿತು.

ಈ ಸ್ಥಿತಿಯಲ್ಲಿ ನಾನು ಕೂಟದಲ್ಲಿ ನಿಂತರೆ ನಿನಗೆ ಒಳಿತಾಗುತ್ತದೆಯೋ ಕೆಡುಕಾಗುತ್ತದೆಯೋ ಯೋಚಿಸುತ್ತಿದ್ದೇನೆ. ಬೇರೆ ಯಾರಾದರೂ ಸಿಕ್ಕುವುದಿದ್ದರೆ ನೋಡುವುದು ಮೇಲು ಅನ್ನಿಸುತ್ತದೆ.

ಅಂಜನಾ

&nbsp;

ಲೊಕ್ಕನಹಳ್ಳಿ ಪಕ್ಕ
5 ಅಕ್ಟೋಬರ್ 2024

ಅಂಜನಾ ಅವರಿಗೆ,

ಕಾಗದ ಬಂತು. ಯಾವ ಕಡೆಗೆ ವಾಲಿದ್ದೀಯ ಎಂದು ಕೇಳುವುದಿಲ್ಲ. ಬೀದಿಯಲ್ಲಿ ಇರುವುದು ಎರಡೇ ಕಡೆ, ಒಂದರಲ್ಲಿ ನಾನೊಬ್ಬಳೇ ಇದ್ದೇನೆ.

ನನಗೆ ಯಾರೂ ಏನೂ ಹೇಳಲಿಲ್ಲ. ನಿನ್ನ ಮನಸ್ಸು ಬದಲಾದದ್ದು ಚಿತ್ರದಲ್ಲಿ ನಿನಗೆ ಕಂಡಿದ್ದರೆ ಅದನ್ನು ಅಲ್ಲಿಟ್ಟವಳು ನಾನಲ್ಲ. ಮಗ್ಗಗಳು ನಡೆಯಬೇಕು, ಪ್ರಭುಸ್ವಾಮಿಯವರು ಆ ಬೀದಿಯಲ್ಲಿ ಓಡಾಡಬೇಕು, ಇದೆಲ್ಲ ನನಗೆ ಅರ್ಥವಾಗದ್ದಲ್ಲ. ಇಷ್ಟು ಸುತ್ತಿ ಬರೆಯಬೇಕಾಗಿರಲಿಲ್ಲ. ಆಗುವುದಿಲ್ಲ ಎಂದು ಒಂದು ಸಾಲು ಸಾಕಿತ್ತು. ನೀನು ಬಾಯಾಗಬೇಕಾಗಿಲ್ಲ. ಬೇರೆಯವರನ್ನು ನಾನು ನೋಡುವುದೂ ಇಲ್ಲ.

ಮಿಕ್ಕ ಚಿತ್ರಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಸೋಮಮ್ಮ ಅವುಗಳಲ್ಲಿ ಒಂದನ್ನು ಕೋಳಿಗೂಡಿಗೆ ಬಾಗಿಲು ಮಾಡಿಕೊಂಡಳು. ಬಣ್ಣದ ಕಡೆಯೇ ಒಳಗಿರಲಿ, ಮಳೆಗೆ ಕೆಡುವುದಿಲ್ಲ ಎಂದಳು. ಕೋಳಿಗಳು ಈಗ ನಿನ್ನನ್ನು ನೋಡುತ್ತ ಮಲಗುತ್ತವೆ. ‘ಕಾಡ್ಬೆಕ್ಕೂ ಬರ್ನಿಲ್ಲ ಕಣವ್ವ, ಒಳ್ಳೆ ಮೊಕ’ ಎಂದು ಅವಳಿಗೆ ಸಮಾಧಾನ.

ಯಶೋದ

&nbsp;

ಕೊಳ್ಳೇಗಾಲ
14 ಅಕ್ಟೋಬರ್ 2024

ಯಶೋದಾ,

ನಿನ್ನ ‘ಅಂಜನಾ ಅವರಿಗೆ’ ಓದಿ ನಾನು ಅಳಬೇಕಿತ್ತು. ‘ಯಾವ ಕಡೆಗೆ ವಾಲಿದ್ದೀಯ’ ಎಂಬಲ್ಲಿಗೆ ಬರುವಷ್ಟರಲ್ಲಿ ನಗು ಬಂತು. ಅದೂ ಅರ್ಧ ನಗು. ನಮ್ಮವರಿಗೆ ಓದಿ ಹೇಳಿದೆ. ‘ನೀನ್ ಕನ್ನಡ ಮೇಡಮ್ಮು, ಅವ್ಳು ಡಿಸೈನ್ ಬರ್ಯೋಳು, ಇಬ್ರೂ ಸೇರಿ ಒಂದ್ ಪದಕ್ಕೆ ಇಷ್ಟ್ ರಂಪ ಮಾಡವ್ರೆ’ ಎಂದರು.

ವಾಲಿದ್ದು ನಾನಲ್ಲ. ನನ್ನ ಮುಖ. ಆಗಸ್ಟ್ ಕೊನೆಯಲ್ಲಿ ನರ ಸೋತು ಎಡಗಡೆ ಮುಖ ಬಿದ್ದುಹೋಯಿತು, ಬಾಯಿ ಬಲಕ್ಕೆ ಓರೆಯಾಯಿತು. ‘ಮುಖ’ ಎಂಬ ಒಂದು ಪದವನ್ನು ಆ ಕಾಗದದಲ್ಲಿ ಬರೆಯದೇ ಹೋದೆ. ನಿನಗೆ ಗೊತ್ತಿದೆ ಎಂದುಕೊಂಡಿದ್ದೆನಲ್ಲ, ಗೊತ್ತಿರುವವರ ಮುಂದೆ ಅದನ್ನು ಹೆಸರು ಹಿಡಿದು ಹೇಳುವುದು ಬೇಡವೆನಿಸಿತು. ತುಟಿಗೆ ಬಾರದ ಅಕ್ಷರವನ್ನು ಕೈಯೂ ತಪ್ಪಿಸಿತೋ ಏನೋ.

ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು. ಮೊದಲು ನನ್ನ ನಗು ಏಳುತ್ತಿದ್ದದ್ದು ಎಡಗೆನ್ನೆಯಲ್ಲಿ. ಆ ಕೆನ್ನೆ ಈಗ ಏಳುವುದಿಲ್ಲ, ಬಲಗಡೆ ಮಾತ್ರ ಆಡುತ್ತದೆ. ನೀನು ಬರೆದು ಕಳಿಸಿದ್ದು ಬಲಗಡೆ ನಗುವ, ಎಡಗಡೆ ಸುಮ್ಮನಿರುವ ಮುಖ. ನನ್ನ ಈಗಿನ ಮುಖ. ಯಾರೂ ಹೇಳದಿದ್ದರೆ ಹೇಗೆ ಬರೆದೆ?

ಕೂಟದ ವಿಷಯ. ಮೊನ್ನೆ ತರಕಾರಿ ಗಾಡಿಯ ಹತ್ತಿರ ಮುಖ ಮುಚ್ಚಿಕೊಂಡಿದ್ದ ಸೆರಗು ಜಾರಿತು, ಬೀದಿಗೆ ತಿಳಿಯಿತು. ನಿರೀಕ್ಷಿಸಿದ ಮಾತುಗಳೇ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ, ಕೇಳಿಬಂದವು. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವಾದ್ದರಿಂದ ನಿಲ್ಲಬಹುದು. ಕೋಳಿಗೂಡಿನಿಂದ ನನ್ನನ್ನು ಬಿಡಿಸು.

ಅಂಜನಾ

&nbsp;

ಲೊಕ್ಕನಹಳ್ಳಿ ಪಕ್ಕ
25 ಅಕ್ಟೋಬರ್ 2024

ಅಂಜು,

ಓದಿದ ಮೇಲೆ ಹಿತ್ತಿಲಿಗೆ ಹೋಗಿ ಕೋಳಿಗೂಡಿನ ಬಾಗಿಲು ಕಿತ್ತೆ. ಸೋಮಮ್ಮ ಬೇರೆ ಹಲಗೆ ಕೇಳಿ ಜಗಳ ಮಾಡಿದಳು, ಕೊಟ್ಟೆ.

ಯಾರೂ ಹೇಳಲಿಲ್ಲ, ಆಣೆ. ಚಿತ್ರಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ಎಲ್ಲದರಲ್ಲೂ ನಗು ಬಲಗಡೆಯೇ ಇದೆ. ನೀನು ಎಡಕ್ಕೆ ನಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ, ಆದರೂ ಕೈ ಬಲಕ್ಕೆ ಬರೆದಿದೆ. ಆಮೇಲೆ ಬಸವೇಶನ ಆನೆ ನೆನಪಾಯಿತು.

ಮಗ್ಗದಲ್ಲಿ ಸೀರೆಯ ಹೊರಮೈ ಕೆಳಗಿರುತ್ತದೆ, ನೇಯುವವನಿಗೆ ಕಾಣುವುದು ಒಳಮೈ. ಸೀರೆಯ ಮೇಲೆ ಹಂಸ ಎಡಕ್ಕೆ ನೋಡಬೇಕಾದರೆ ಗ್ರಾಫ್ ಹಾಳೆಯಲ್ಲಿ ಬಲಕ್ಕೆ ನೋಡುವಂತೆ ಬರೆಯಬೇಕು. ಇಪ್ಪತ್ತೈದು ವರ್ಷ ಹಾಗೆ ಬರೆದೆ. ಕಂಡದ್ದನ್ನೆಲ್ಲ ತಿರುವಿ ಬರೆಯುವುದು ಕೈಗೆ ಅಂಟಿಕೊಂಡಿದೆ, ತಲೆಗೆ ತಿಳಿಸದೆ ಮಾಡುತ್ತದೆ. ಇಲ್ಲಿ ಮಗ್ಗವಿಲ್ಲ, ತಿರುಗಿದ್ದನ್ನು ಮತ್ತೆ ನೆಟ್ಟಗೆ ಮಾಡುವವರು ಯಾರೂ ಇಲ್ಲ. ಆದ್ದರಿಂದ ಆನೆ ಕಾಡಿಗೆ ಹೋಗುತ್ತದೆ, ನೀನು ಬಲಕ್ಕೆ ನಗುತ್ತೀಯ. ನಾನು ಬರೆದದ್ದು ನಿನ್ನ ಹಳೆಯ ಮುಖವನ್ನೇ. ಅದು ನಿನ್ನ ಹೊಸ ಮುಖಕ್ಕೆ ಹೊಂದಿಕೊಂಡದ್ದು ನರ ಮಾಡಿದ ಕೆಲಸ.

ನೆಟ್ಟಗೆ ಬರೆಯಲು ಎರಡು ದಿನ ಕೂತೆ. ಕೈ ಹಿಡಿದುಕೊಂಡು ಬರೆದೆ. ಬಂದದ್ದು ಯಾರೋ ಬೇರೆಯವರು. ಬಣ್ಣ ಬಳಿದು ಮುಚ್ಚಿದೆ.

ಅಂಜು, ನೀನು ನಿಲ್ಲಬೇಡ. ಹೆಸರು ಹೋದರೆ ಹೋಗಲಿ. ಕೂಟದಲ್ಲಿ ಯಾರನ್ನೂ ಬಿಡದ ಆ ಗುರುಪಾದಸ್ವಾಮಿಯ ಬಾಯಿ ನಿನಗೆ ಗೊತ್ತಲ್ಲ, ನಾನಿಲ್ಲದೆ ಅಲ್ಲಿ ನೀನೊಬ್ಬಳೇ ನಿಂತಿರುವುದನ್ನು ಯೋಚಿಸಲಾರೆ. ನಿಂತೇ ತೀರುತ್ತೇನೆ ಎಂದರೆ ಒಂದು ಮಾತು. ಆ ಪದ ಹೇಳಬೇಡ. ಇದನ್ನು ತಿಳಿಸುತ್ತಿಲ್ಲ, ಕೇಳುತ್ತಿದ್ದೇನೆ.

ಯಶೋದ

&nbsp;

ಕೊಳ್ಳೇಗಾಲ
27 ನವೆಂಬರ್ 2024

ಯಶೋದಾ,

ಕಾರ್ತಿಕದ ಕೊನೆಯ ಸೋಮವಾರ ಕೂಟ ಸೇರಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ದೊಡ್ಡಮಾದಪ್ಪ ಮಾಮ ಕಂಬಕ್ಕೆ ಒರಗಿ ಕೂತಿದ್ದರು. ಹೆಸರು ತೆಗೆಯುವ ಮಾತು ಬಂದಾಗ ‘ಇವಳ್ಗೆ ಬಾಯಾಗೋರು ಯಾರಾದ್ರೂ ಇದ್ದೀರಾ?’ ಎಂದು ಕೇಳಿದರು. ನಾನು ಎದ್ದೆ. ಮುಖದ ಮೇಲಿನ ಸೆರಗು ತೆಗೆದೆ. ಎಲ್ಲರೂ ನೋಡಿದರು, ನೋಡಲು ಬೇಕಾದಷ್ಟು ಹೊತ್ತು ಕೊಟ್ಟೆ.

ಗುರುಪಾದಸ್ವಾಮಿ ಎದ್ದ. ‘ಬಾಯಾಗ್ತೀನಿ ಅಂದೋಳ್ ಬಾಯ್ನೇ ದೇವ್ರು ತಿರುಗ್ಸವ್ನೆ. ಇನ್ನೇನ್ ಸಾಕ್ಷಿ ಬೇಕ್ರಪ್ಪ ನಿಮ್ಗೆ?’

‘ಅರ್ಧ ತಿರುಗ್ಸವ್ನೆ ಕಣಣ್ಣ’ ಎಂದೆ. ‘ಇನ್ನರ್ಧ ಮಾತಾಡ್ಲಿ ಅಂತ್ಲೇ ಬಿಟ್ಟಿರ್ಬೇಕು.’ ಹೆಂಗಸರ ಕಡೆಯಿಂದ ಯಾರೋ ನಕ್ಕರು.

ಹೇಳಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಮಧು ಮೊನ್ನೆ ಇದೇ ಬೀದಿಯಲ್ಲಿ ಮಗುವಿಗೆ ಹೆಸರಿಟ್ಟಳು, ನೀವೆಲ್ಲ ಊಟ ಮಾಡಿ ಬಂದಿರಿ. ಮದುವೆ ನಿಮಗೆ ಒಪ್ಪಿತವಾಗಿದೆ. ಮದುವೆ ಆಯಿತು ಎಂದು ಬರೆದುಕೊಟ್ಟವಳು ಮಾತ್ರ ಹೊರಗಿದ್ದಾಳೆ. ಆಕೆ ಸುಳ್ಳು ಸಾಕ್ಷಿ ಹೇಳಿದ್ದರೆ ಹೊರಗಿಡಿ. ಇಷ್ಟನ್ನು ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಕೆಲವು ಮಾತು ಎರಡೆರಡು ಸಲ ಹೇಳಿದೆ. ಮಾತು ತೊದಲಿದಷ್ಟೂ ಜನ ಗಮನವಿಟ್ಟು ಕೇಳುತ್ತಾರೆ, ತರಗತಿಯಲ್ಲಿ ಇದು ನನಗೆ ತಿಳಿದಿರಲಿಲ್ಲ.

‘ಎಲ್ಲಾ ಸರಿ. ತಪ್ಪಾಯ್ತು ಅಂತ ಅಂದ್ಬುಡವ್ವ, ಮುಗ್ಸುವಾ’ ಎಂದರು ಮಾಮ.

ನಿನ್ನ ಕಾಗದ ನೆನಪಿತ್ತು. ಅಲ್ಲಿ ಕೂತವರ ಮುಖಗಳೂ ಕಾಣುತ್ತಿದ್ದವು. ಅದನ್ನು ಹೇಳದೆ ಕೂತರೆ ಮುಂದಿನ ಮಾತು ನಿನ್ನ ಹೆಸರು ತೆಗೆಯುವುದೇ. ಬಾಯಿ ತೆರೆದೆ. ಮೂರು ಸಲ ತೆರೆದೆ. ನಡುವಿನ ಅಕ್ಷರ ಒಂದು ಸಲವೂ ಬರಲಿಲ್ಲ. ಗಾಳಿ ಹೋಯಿತು, ‘ಆಯ್ತು’ ಎಂಬುದಷ್ಟೇ ಉಳಿಯಿತು.

‘ಏನಂದ್ಲು?’ ಎಂದ ಗುರುಪಾದಸ್ವಾಮಿ. ‘ನಂಗ್ ಬರೀ ಆಯ್ತು ಅಂತ ಕೇಳುಸ್ತು.’

‘ತಾಯ್ತು ಅಂದಂಗಾಯ್ತು ಕಣ್ಲಾ’ ಎಂದರು ಪಕ್ಕದವರು.

‘ತಾಯ್ತು ಅಂದ್ರೆ ಯಾವ್ ಭಾಷೆಲಾ?’

‘ನಿಮ್ಮತ್ತೆ ಮನೆ ಕಡೆ ತಮಿಳಿರ್ಬೇಕು, ಓಗ್ ಕೇಳ್ಕಂಡ್ ಬಾ.’

ಇದು ಸ್ವಲ್ಪ ಹೊತ್ತು ನಡೆಯಿತು. ಗುರುಪಾದಸ್ವಾಮಿ ಇನ್ನೊಂದು ಸಲ ಹೇಳಿಸಿ ಎಂದು ಹಟ ಹಿಡಿದ. ಮಾಮ ಕೈ ಎತ್ತಿದರು. ‘ಮೂರ್ ಸಲ ಆಯ್ತು. ನಾಕ್ನೆ ಸಲ ಅನ್ನೋದು ಕಟ್ಲೇಲಿ ಇಲ್ಲ. ಬಾಯ್ ಸರಿಯಿಲ್ದೋರ್ ಅಕ್ಸರವ ಎಣುಸ್ಬಾರ್ದು. ಏಳವ್ಳೆ ಅಂತ ಇಟ್ಕಳಿ.’

ಯಶೋದಾ, ನೀನು ಒಳಗೆ. ಯಾವತ್ತು ಬೇಕಾದರೂ ಬರಬಹುದು. ಶಿವರಾಜಣ್ಣ ಕೊನೆಯ ಸಾಲಿನಲ್ಲಿ ಕೂತಿದ್ದ. ಕೂಟ ಚದುರಿದ ಮೇಲೆ ಹೋಗಿ ನಿನ್ನ ಕೋಣೆ ಗುಡಿಸಿದನಂತೆ. ಮಧು ಹೇಳಿದಳು.

ಅಂಜನಾ

&nbsp;

ಲೊಕ್ಕನಹಳ್ಳಿ ಪಕ್ಕ
4 ಡಿಸೆಂಬರ್ 2024

ಅಂಜು,

ನೀನು ಅಲ್ಲಿ ನಿಂತೆ. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ, ಇದನ್ನು ಮೊದಲು ಬರೆದುಬಿಡುತ್ತೇನೆ.

ಸೋಮಮ್ಮನಿಗೆ ಓದಿ ಹೇಳಿದೆ. ಅವಳು ನನ್ನ ಪೆಟ್ಟಿಗೆ ಹೊರಗಿಟ್ಟು ಧೂಳು ಒರೆಸಿದಳು. ನಾನು ಅದನ್ನು ಮತ್ತೆ ಒಳಗೆ ಇಟ್ಟೆ. ‘ಬಾ ಅಂದ್ರೂ ಓಗ್ದೋಳ್ನ ನಾ ಇವತ್ತೇ ಕಂಡಿದ್ದು’ ಎಂದಳು.

ನೀನು ಮೂರು ಸಲ ಬಾಯಿ ತೆರೆದೆ ಎಂದು ಬರೆದಿದ್ದೀಯ. ಹೇಳಲೆಂದೇ ತೆರೆದೆ. ಅಕ್ಷರ ಹೊರಬರದಿದ್ದದ್ದು ನರದ ಸೋಲು, ಅದು ನಿನ್ನ ತೀರ್ಮಾನವಲ್ಲ. ಬಾಯಿ ಸರಿಯಿದ್ದಿದ್ದರೆ ನನ್ನ ಹೆಸರಿನಲ್ಲಿ ಆ ಪದ ಕೂಟದಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಅವರೂ ಹೇಳಿದ್ದಾಳೆ ಎಂದೇ ಇಟ್ಟುಕೊಂಡಿದ್ದಾರೆ. ಅವರು ಏನೆಂದುಕೊಂಡರೂ ನಾನು ಸಹಿಸಿಕೊಂಡೇನು. ನೀನು ಹೇಳಿದೆ ಎಂದಾದರೆ, ನಾನು ಹಾಕಿದ ಸಹಿ ತಪ್ಪು ಎಂದು ಒಪ್ಪಿದವಳೊಬ್ಬಳು ನನ್ನ ಕಡೆಯಲ್ಲೂ ಇದ್ದಾಳೆ ಎಂದಾಗುತ್ತದೆ. ಆ ಬೀದಿಯಲ್ಲಿ ಇಳಿದು ನಿನ್ನ ಮನೆಯ ಮುಂದೆ ಹಾದು ನನ್ನ ಕೋಣೆಗೆ ಹೋಗುವುದು ನನ್ನಿಂದಾಗದು.

ಸಂಕ್ರಾಂತಿ ಕಳೆದ ಮೇಲೆ ಪಾಲಾರ್ ಕಡೆಯ ರಸ್ತೆಗೆ ಬೋರ್ಡು ಬರೆಯುವ ಕೆಲಸವಿದೆ ಎಂದು ಬಸವೇಶ ಹೇಳಿದ. ಒಪ್ಪಿಕೊಳ್ಳುತ್ತೇನೆ ಅಂತಿದ್ದೇನೆ. ಅಲ್ಲಿಗೆ ಕಾಗದ ತಲುಪಲು ಇನ್ನೂ ಹೆಚ್ಚು ದಿನ ಬೇಕಾಗಬಹುದು.

ಯಶೋದ

&nbsp;

ಕೊಳ್ಳೇಗಾಲ
12 ಡಿಸೆಂಬರ್ 2024

ಯಶೋದಾ,

ನಿನ್ನ ಕಾಗದಕ್ಕೆ ಇದು ಉತ್ತರವಲ್ಲ. ನಿನ್ನೆ ಸಂಜೆ ನಡೆದದ್ದನ್ನು ಬರೆಯುತ್ತಿದ್ದೇನೆ. ಓದಿದ ಮೇಲೆ ಹರಿದುಹಾಕು. ಸೋಮಮ್ಮನಿಗೆ ಬೇಕಾದರೆ ಹೇಳು, ಬಸವೇಶನಿಗೆ ಬೇಡ.

ದೊಡ್ಡಮಾದಪ್ಪ ಮಾಮ ಬಂದಿದ್ದರು. ಸುಮ್ಮನೆ ಈ ಕಡೆ ಬಂದೆ ಎಂದರು. ಕಾಫಿ ಕೊಟ್ಟೆ. ಮಗ್ಗ, ಚಳಿ, ಮಂಡಿನೋವು ಎಂದು ಏನೇನೋ ಮಾತಾಡಿದರು. ನಾನು ಹೂಂ ಎನ್ನುತ್ತ ಕೂತಿದ್ದೆ. ಹೊರಡಲು ಎದ್ದು ಹೊಸಿಲಿನ ಹತ್ತಿರ ಹೋದರು. ಒಂದು ಚಪ್ಪಲಿ ಮೆಟ್ಟಿಕೊಂಡು, ‘ಆ ಒಂದಕ್ಸರ ನಿನ್ ಬಾಯ್ಗೆ ಬರ್ನೇ ಇಲ್ಲ ನೋಡವ್ವ, ಎಷ್ಟ್ ಕಷ್ಟಪಟ್ಟೆ’ ಎಂದರು.

‘ಪಾಪ, ನಿಮ್ಗೂ ಅವತ್ತು ಪೇಚಾಟ ಆಯ್ತು ಮಾಮ. ಅಪ್ಪ, ಅಮ್ಮ ಅಂತ ದಿನಾ ಅಭ್ಯಾಸ ಮಾಡ್ತಾ ಇದ್ದೀನಿ’ ಎಂದೆ.

ಒಂದು ಅಕ್ಷರವೂ ಸೋರಲಿಲ್ಲ.

ಅವರು ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ನಿಂತರು. ನನ್ನ ಬಾಯಿ ನೋಡಿದರು.

‘ಯಾವಾಗಿಂದವ್ವ?’

‘ದೀಪಾವಳಿಯಿಂದ.’

ಕೂಟ ಸೇರಿದ್ದು ದೀಪಾವಳಿ ಕಳೆದು ಮೂರು ವಾರದ ಮೇಲೆ ಎಂದು ಅವರಿಗೆ ನಾನು ನೆನಪಿಸಲಿಲ್ಲ. ನಿಧಾನವಾಗಿ ಇನ್ನೊಂದು ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಬೀದಿಯ ಆ ಕಡೆ ಈ ಕಡೆ ನೋಡಿದರು.

‘ಅವಳ್ಗೆ ಬರ್ದಾಕು’ ಎಂದರು. ‘ಬಿರ್ರನೆ ಬರ್ಲಿ. ಆ ಗುರುಪಾದ ನಿನ್ನ ಮಾತಾಡ್ಸಾಕ್ ಮುಂಚೆ.’

ಅಂಜನಾ